ಕಬಿನಿ ಹಿನ್ನೀರಿನ ಆನೆಗಳನ್ನು ಅಕ್ರಿಲಿಕ್‌ನಲ್ಲಿ ಬರೆಯೋಣ: ಮೊದಲು ಮಣ್ಣು, ಆಮೇಲೆ ಆನೆ

ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಹತ್ತೊಂಬತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಆನೆ ಬರೆಯಿರಿ ಅಂದರೆ ಸಾಕು, ಮಕ್ಕಳೆಲ್ಲ ಕ್ರೇಯಾನ್ ಡಬ್ಬಿಯಿಂದ ಬೂದು ಬಣ್ಣದ ಕಡ್ಡಿ ತೆಗೆಯುತ್ತಿದ್ದರು. ರಾತ್ರಿ ತಮ್ಮ ರಾಗಿ ಹೊಲಕ್ಕೆ ನುಗ್ಗಿದ ಆನೆಯನ್ನು ಕಣ್ಣಾರೆ ಕಂಡ ಮಕ್ಕಳೂ ಹಾಗೇ ಮಾಡುತ್ತಿದ್ದರು. ಒಂದು ಸಲ, ಹಾಡಿಯಿಂದ (ಕಾಡಂಚಿನ ಆದಿವಾಸಿಗಳ ಊರು) ಬರುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಆನೆ ಮಾತ್ರ ಕೆಂಪಗಿತ್ತು. ಅವಳು ಕ್ರೇಯಾನ್ ಮುಟ್ಟಿರಲಿಲ್ಲ. ಸ್ಕೂಲಿನ ಅಂಗಳದ ಮಣ್ಣನ್ನೇ ಬೆರಳಿನಲ್ಲಿ ಅದ್ದಿ ಉಜ್ಜಿದ್ದಳು. ಯಾಕಮ್ಮ ಹೀಗೆ ಅಂತ ಕೇಳಿದೆ. "ಸಾರ್, ನಮ್ ಹಾಡಿ ಹತ್ರ ಬರೋ ಆನೆ ಹಿಂಗೇ ಇರೋದು. ಮೈಮೇಲೆಲ್ಲ ಮಣ್ಣು ಎರಚ್ಕೊಂಡು ಬತ್ತದೆ" ಅಂದಳು.

ಅಷ್ಟು ಹೊತ್ತಿಗೆ ನಾನು ಹತ್ತಾರು ಆನೆ ಬರೆದು ಮುಗಿಸಿದ್ದೆ. ಎಲ್ಲವೂ ಬೂದು. ಕಪ್ಪಿಗೆ ಬಿಳಿ ಬೆರೆಸಿದ ಬೂದು. ಅವೆಲ್ಲ ಯಾಕೆ ಕಾಡಿನ ಮೇಲೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದವು ಅನ್ನೋದು ಆವತ್ತು ಗೊತ್ತಾಯಿತು. ಆನೆ ತಾನು ನಿಂತ ನೆಲದ ಬಣ್ಣವನ್ನೇ ಹೊದ್ದುಕೊಂಡಿರುತ್ತದೆ. ನೆಲಕ್ಕೆ ಯಾವ ಬಣ್ಣ ಹಾಕಿದ್ದೀರೋ ಅದೇ ಬಣ್ಣದಿಂದ ಆನೆಯನ್ನೂ ತೆಗೆಯಬೇಕು. ಕೆಳಗೆ ಹೇಳಿರುವುದೆಲ್ಲ ಈ ಒಂದು ಮಾತಿಗೆ ಹೊಂದಿಕೊಂಡೇ ಇದೆ.

ನಾವು ಬರೆಯಲಿರುವ ದೃಶ್ಯ ಇದು: ಏಪ್ರಿಲ್ ಸಂಜೆ, ಕಬಿನಿ ಹಿನ್ನೀರು. ನೀರು ಹಿಂದೆ ಸರಿದಿದೆ. ಹೊಸ ಹುಲ್ಲು ಬಂದಿರುವ ದಡದಲ್ಲಿ ಒಂದು ಹೆಣ್ಣಾನೆ, ಅದರ ಮರಿ, ಸ್ವಲ್ಪ ಹಿಂದೆ ಇನ್ನೆರಡು ಆನೆ.

ನೋಡುವುದು

ಕಬಿನಿ ನದಿಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ್ದು 1974ರಲ್ಲಿ. ಆಗ ಮುಳುಗಿದ ಕಾಡಿನ ಮರಗಳ ಬೊಡ್ಡೆಗಳು ಇಂದಿಗೂ ನೀರಿನಲ್ಲಿ ನಿಂತಿವೆ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಬೇಸಿಗೆಯಲ್ಲಿ ಕಾಡಿನೊಳಗಿನ ಕೆರೆ, ಹಳ್ಳ ಒಣಗಿದಾಗ ಆನೆಗಳು ನೀರು ಮತ್ತು ಹಸಿ ಹುಲ್ಲನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತವೆ. ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಸಫಾರಿ ಹೊರಡುತ್ತದೆ. ಒಂದು ಸಲವಾದರೂ ಹೋಗಿ ಬನ್ನಿ. ಆಗದಿದ್ದರೆ ಮೈಸೂರು ಮೃಗಾಲಯದ ಆನೆಗಳ ಮುಂದೆ ಒಂದು ಬೆಳಗ್ಗೆ ಕೂತು ಬನ್ನಿ. ಬರೀ ಫೋಟೋ ನೋಡಿ ಬರೆದರೆ ತೂಕ ಸಿಗಲ್ಲ.

ಸಫಾರಿಯಲ್ಲಿ ಕ್ಯಾಮೆರಾದಲ್ಲಿ ನಾಲ್ಕು ಫೋಟೋ ತೆಗೆದು ಒಳಗಿಡಿ. ಆಮೇಲೆ ಬೈನಾಕ್ಯುಲರ್ ಹಿಡಿಯಿರಿ. ನಾನು ಜೇಬಿನಲ್ಲಿ ಪುಟ್ಟ ಪುಸ್ತಕ ಇಟ್ಟುಕೊಂಡು ಬಣ್ಣವನ್ನು ಮಾತಿನಲ್ಲಿ ಬರೆದುಕೊಳ್ಳುತ್ತೇನೆ. "ಬೆನ್ನು ಆಕಾಶದ ಬಣ್ಣ, ಹೊಟ್ಟೆ ಕೆಳಗೆ ಇಟ್ಟಿಗೆ ಬಣ್ಣ, ಸೊಂಡಿಲ ತುದಿ ಒದ್ದೆ, ಕಪ್ಪು" ಅನ್ನೋ ಥರ. ಫೋಟೋದಲ್ಲಿ ನೆರಳೆಲ್ಲ ಒಂದೇ ಕಪ್ಪಾಗಿ ಬಂದಿರುತ್ತದೆ. ಆ ಇಟ್ಟಿಗೆ ಬಣ್ಣ ಕಂಡದ್ದು ಕಣ್ಣಿಗೆ ಮಾತ್ರ.

ಬೇರೆಯವರು ತೆಗೆದ ಫೋಟೋವನ್ನು ಕಲಿಯೋಕೆ ನೋಡಿ, ತಪ್ಪಿಲ್ಲ. ಅದನ್ನೇ ನಕಲು ಮಾಡಿ ಪ್ರದರ್ಶನಕ್ಕೆ ಇಡುವುದು, ಮಾರುವುದು ಬೇಡ. ಕೇಳಿ ಒಪ್ಪಿಗೆ ಪಡೆದರೆ ಬೇರೆ ಮಾತು. ಆ ಫೋಟೋಗ್ರಾಫರ್ ಎಷ್ಟು ದಿನ ಕಾದಿದ್ದಾರೋ, ಅಲ್ವಾ?

ಸಾಮಾನು

18 x 24 ಇಂಚಿನ ಕ್ಯಾನ್ವಾಸ್. ಬಣ್ಣ ಆರೇ ಆರು: ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ, ಕ್ರಿಮ್ಸನ್ (ಕಡುಗೆಂಪು), ಟೈಟಾನಿಯಂ ವೈಟ್. ಬಿಳಿ ಮಾತ್ರ ದೊಡ್ಡ ಟ್ಯೂಬ್ ತನ್ನಿ, ಅದೇ ಜಾಸ್ತಿ ಖರ್ಚಾಗೋದು. ಕಪ್ಪು ಬೇಡ. ರೆಡಿ ಹಸಿರೂ ಬೇಡ.

ಕಪ್ಪು ಇಲ್ಲದೆ ಆನೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸಮಸಮ ಬೆರೆಸಿ ನೋಡಿ. ಕಪ್ಪಿಗೆ ತೀರಾ ಹತ್ತಿರದ ಬಣ್ಣ ಬರುತ್ತದೆ. ನೀಲಿ ಜಾಸ್ತಿ ಮಾಡಿದರೆ ತಣ್ಣನೆಯ ನೆರಳು, ಸಿಯೆನ್ನಾ ಜಾಸ್ತಿ ಮಾಡಿದರೆ ಮಣ್ಣು. ಅದಕ್ಕೆ ಬಿಳಿ ಸೇರಿಸಿದರೆ ಹತ್ತು ಥರದ ಬೂದು ಸಿಗುತ್ತದೆ, ಒಂದೊಂದರಲ್ಲೂ ಜೀವ ಇರುತ್ತದೆ. ಸಿಯೆನ್ನಾ ಅನ್ನೋದು ಮೂಲದಲ್ಲಿ ಇಟಲಿಯ ಸಿಯೆನಾ ಊರಿನ ಹೆಸರು ಹೊತ್ತ ಮಣ್ಣು. ಅದನ್ನು ಸುಟ್ಟು ಕೆಂಪಾಗಿಸಿದ್ದೇ ಬರ್ನ್ಟ್ ಸಿಯೆನ್ನಾ. ಅದಕ್ಕೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್. ನಮ್ಮ ಕಡೆಯ ಕೆಂಪು ಮಣ್ಣಿಗೆ ಬಣ್ಣ ಬಂದಿರುವುದೂ ಕಬ್ಬಿಣದ ಆಕ್ಸೈಡ್‌ನಿಂದಲೇ. ಆ ಹುಡುಗಿ ಬೆರಳಿನಲ್ಲಿ ಉಜ್ಜಿದ್ದನ್ನು ನಾವು ಟ್ಯೂಬಿನಲ್ಲಿ ಕೊಂಡು ತರುತ್ತಿದ್ದೇವೆ ಅಷ್ಟೇ.

ಬ್ರಷ್: ಒಂದೂವರೆ ಇಂಚಿನ ಚಪ್ಪಟೆ ಬ್ರಷ್, 8ನೇ ನಂಬರಿನ ಫಿಲ್ಬರ್ಟ್ (ಚಪ್ಪಟೆಯಾಗಿದ್ದು ತುದಿ ದುಂಡಗಿರುವ ಬ್ರಷ್), 4ನೇ ನಂಬರಿನ ರೌಂಡ್, ಗೆರೆಗೆ ಒಂದು ಉದ್ದ ಕೂದಲಿನ ತೆಳು ಬ್ರಷ್. ಜೊತೆಗೆ ಕೂದಲು ಕೆದರಿ ಹಾಳಾದ ಒಂದು ಹಳೇ ಬ್ರಷ್ಷನ್ನು ಎಸೆಯದೆ ಇಟ್ಟುಕೊಳ್ಳಿ. ಹುಲ್ಲಿಗೂ ಧೂಳಿಗೂ ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗಲ್ಲ.

ನಮ್ಮ ಬೇಸಿಗೆಯಲ್ಲಿ ಅಕ್ರಿಲಿಕ್ ಪ್ಯಾಲೆಟ್ ಮೇಲೇ ಒಣಗಿ ತೊಗಲಾಗುತ್ತದೆ. ಅದಕ್ಕೆ ನಾನು ಮಾಡುವ ಉಪಾಯ ಇದು. ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಹಳೇ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ ಹಾಸಿ. ಅದರ ಮೇಲೆ ಬಟರ್ ಪೇಪರ್ ಹರಡಿ, ಅದರ ಮೇಲೆ ಬಣ್ಣ ಹಾಕಿಕೊಳ್ಳಿ. ಕೆಲಸ ನಿಲ್ಲಿಸಿದಾಗ ಇನ್ನೊಂದು ತಟ್ಟೆ ಮುಚ್ಚಿ. ಮಾರನೇ ದಿನವೂ ಬಣ್ಣ ಮೆತ್ತಗಿರುತ್ತದೆ. ಫ್ಯಾನ್ ಆರಿಸಿ. ಸೆಕೆ ತಡೆಯಬೇಕು, ಬೇರೆ ದಾರಿ ಇಲ್ಲ.

ಮೇಲ್ಮೈ ಮತ್ತು ಗೆರೆ

ಅಂಗಡಿಯ ಕ್ಯಾನ್ವಾಸಿಗೆ ಇನ್ನೊಂದು ಕೋಟ್ ಜೆಸ್ಸೋ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ) ಹಾಕಿ, ಒಣಗಿದ ಮೇಲೆ ನಯವಾದ ಉಪ್ಪು ಕಾಗದದಿಂದ ಹಗುರಾಗಿ ಉಜ್ಜಿ. ಆಮೇಲೆ ಬರ್ನ್ಟ್ ಸಿಯೆನ್ನಾಗೆ ಸ್ವಲ್ಪ ಓಕರ್ ಬೆರೆಸಿ, ತೆಳುವಾಗಿ ಇಡೀ ಕ್ಯಾನ್ವಾಸಿಗೆ ಬಳಿದುಬಿಡಿ. ಬಿಳಿ ಎಲ್ಲೂ ಉಳಿಯಬಾರದು. ಮುಂದೆ ಹುಲ್ಲಿನ ಸಂದಿಯಲ್ಲಿ, ಆನೆಯ ಅಂಚಿನಲ್ಲಿ, ಮೋಡದ ಬಿರುಕಿನಲ್ಲಿ ಈ ಮಣ್ಣು ಅಲ್ಲಲ್ಲಿ ಇಣುಕುತ್ತದೆ. ಚಿತ್ರವನ್ನು ಒಳಗಿನಿಂದ ಹಿಡಿದಿಡುವುದು ಅದೇ.

ಗೆರೆ ಎಳೆಯೋಕೆ ಪೆನ್ಸಿಲ್ ಬೇಡ. ಅದರ ಸೀಸ ತಿಳಿ ಬಣ್ಣದಲ್ಲಿ ಕಲಸಿ ಕೊಳೆ ಮಾಡುತ್ತದೆ. ಬಿಳಿ ಚಾಕ್‌ಪೀಸ್ ತುದಿ ಚೂಪು ಮಾಡಿಕೊಳ್ಳಿ. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಅದಕ್ಕೂ ಮೊದಲು ಅಂಗೈ ಅಗಲದ ಕಾಗದದಲ್ಲಿ ದೃಶ್ಯವನ್ನು ಮೂರೇ ಛಾಯೆಯಲ್ಲಿ ಬರೆದು ನೋಡಿ: ಕಡು, ನಡುವಿನದು, ತಿಳಿ. ದೊಡ್ಡ ಆನೆ ಕ್ಯಾನ್ವಾಸಿನ ನಟ್ಟನಡುವೆ ಬೇಡ. ಅದು ಮುಖ ಮಾಡಿದ ಕಡೆ ಜಾಸ್ತಿ ಜಾಗ ಬಿಡಿ.

ಆನೆಯ ಅಳತೆಯಲ್ಲಿ ಎಡವುವವರು ಬಹಳ. ನನಗೆ ಸಹಾಯ ಮಾಡಿದ ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಆನೆಯ ಮುಂಗಾಲಿನ ಪಾದದ ಸುತ್ತಳತೆಯ ಸುಮಾರು ಎರಡರಷ್ಟು ಅದರ ಭುಜದ ಎತ್ತರ. ಅಂದರೆ ಪಾದದ ಅಗಲ ಭುಜದ ಎತ್ತರದ ಹೆಚ್ಚು ಕಡಿಮೆ ಆರನೇ ಒಂದು ಭಾಗ. ನಿಮ್ಮ ಚಿತ್ರದಲ್ಲಿ ಆನೆ ಆರು ಇಂಚು ಎತ್ತರ ಇದ್ದರೆ ಪಾದ ಒಂದು ಇಂಚು. ಕಾಲು ಸಣ್ಣಗಾಗುತ್ತಿದೆ ಅನ್ನಿಸಿದಾಗೆಲ್ಲ ಇದನ್ನು ಅಳೆದು ನೋಡಿ.

ನಮ್ಮದು ಏಷ್ಯಾದ ಆನೆ ಅನ್ನೋದು ನೆನಪಿರಲಿ. ಬೆನ್ನು ಉಬ್ಬಿರುತ್ತದೆ, ತಗ್ಗಿರುವುದಿಲ್ಲ. ತಲೆಯ ಮೇಲೆ ಎರಡು ಕುಂಭಸ್ಥಳ, ಅಂದರೆ ಉಬ್ಬು, ನಡುವೆ ಹಳ್ಳ. ಕಿವಿ ಚಿಕ್ಕದು, ಭುಜವನ್ನೆಲ್ಲ ಮುಚ್ಚುವಷ್ಟು ಬರೆಯಬೇಡಿ. ಸೊಂಡಿಲ ತುದಿಯಲ್ಲಿ ಬೆರಳಿನಂಥ ಚಾಚು ಒಂದೇ. ಉಗುರು ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು. ಹಿಂಗಾಲನ್ನು ನಾಯಿ, ಹಸುವಿನ ಹಾಗೆ ಹಿಂದಕ್ಕೆ ಮಡಚಿ ಬರೆಯುವುದು ದೊಡ್ಡ ತಪ್ಪು. ಆನೆಯ ಹಿಂಗಾಲು ಕಂಬದ ಹಾಗೆ ಇಳಿದು, ಮಂಡಿ ನಮ್ಮ ಮಂಡಿಯಂತೆ ಮುಂದಕ್ಕೆ ಇರುತ್ತದೆ.

ಇನ್ನೊಂದು. ನಮ್ಮ ಹೆಣ್ಣಾನೆಗೆ ಹೊರಗೆ ಚಾಚಿದ ದೊಡ್ಡ ದಂತ ಇರುವುದಿಲ್ಲ. ನಾನು ಮೊದಮೊದಲು ಮರಿಯ ಜೊತೆಗಿದ್ದ ತಾಯಿಗೆ ಅಂದವಾಗಿ ಎರಡು ದಂತ ಬರೆದಿದ್ದೆ. ಚಿತ್ರವನ್ನು ಒಬ್ಬ ಫಾರೆಸ್ಟ್ ವಾಚರ್‌ಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿ, "ಮೇಷ್ಟ್ರೇ, ಮರಿ ಇದರದ್ದೇ ತಾನೇ? ಮತ್ತೆ ದಂತ?" ಅಂತ ಮೆತ್ತಗೆ ಕೇಳಿದರು. ಕಾಡಿನಲ್ಲಿ ದಿನಾ ನಡೆಯುವ ಒಬ್ಬರಿಗೆ ಚಿತ್ರ ತೋರಿಸುವ ಅಭ್ಯಾಸ ಆವತ್ತಿಂದ ಬಂತು. ಈಗಲೂ ಬಿಟ್ಟಿಲ್ಲ.

ಆಕಾಶ, ಮರಗಳ ಸಾಲು, ನೀರು

ಹಿಂದಿನದನ್ನು ಮೊದಲು ಬರೆದು ಮುಂದಕ್ಕೆ ಬರಬೇಕು. ಅಕ್ರಿಲಿಕ್ ಒಣಗಿದ ಮೇಲೆ ನೀರಿಗೆ ಕರಗಲ್ಲ. ಹಾಗಾಗಿ ಹಿಂದಿನ ಪದರಕ್ಕೆ ಭಯವಿಲ್ಲದೆ ಮೇಲೆ ಬಳಿಯಬಹುದು.

ಆಕಾಶಕ್ಕೆ ಹತ್ತು ನಿಮಿಷ, ಅಷ್ಟೇ. ಸ್ಪ್ರೇ ಬಾಟಲಿಯಿಂದ ಕ್ಯಾನ್ವಾಸಿಗೆ ಸ್ವಲ್ಪ ನೀರು ಹೊಡೆದು, ದೊಡ್ಡ ಬ್ರಷ್‌ನಿಂದ ಮೇಲಿನಿಂದ ಬಿಳಿ ಮತ್ತು ಚೂರು ಅಲ್ಟ್ರಾಮರೀನ್, ಕೆಳಗಿನಿಂದ ಬಿಳಿ, ಓಕರ್, ಒಂದು ಚುಕ್ಕೆ ಕ್ರಿಮ್ಸನ್. ಎರಡೂ ಒದ್ದೆ ಇರುವಾಗಲೇ ನಡುವೆ ಅಡ್ಡಡ್ಡ ಎಳೆದು ಕೂಡಿಸಿ. ಆಮೇಲೆ ಕೈ ಹಚ್ಚಬೇಡಿ. ಅರೆ ಒಣಗಿದ ಅಕ್ರಿಲಿಕ್ ಮೇಲೆ ಬ್ರಷ್ ಆಡಿಸಿದರೆ ಬಣ್ಣ ಎದ್ದು ಬಂದು ಹಕ್ಕಳೆ ಕಿತ್ತ ಹಾಗೆ ಆಗುತ್ತದೆ. ಸರಿ ಬರದಿದ್ದರೆ ಪೂರ್ತಿ ಒಣಗಲು ಬಿಟ್ಟು ಮತ್ತೆ ಬಳಿಯಿರಿ.

ದೂರದ ಮರಗಳ ಸಾಲನ್ನು ಹಸಿರು ಮಾಡುವ ಆಸೆ ಬರುತ್ತದೆ. ಬೇಸಿಗೆಯ ಕಬಿನಿ ಕಾಡು ಹಸಿರಲ್ಲ. ತೇಗ ಎಲೆ ಉದುರಿಸಿ ನಿಂತಿರುತ್ತದೆ. ದೂರಕ್ಕೆ ಅದೆಲ್ಲ ಬೂದಿ ನೇರಳೆಯಾಗಿ ಕಾಣುತ್ತದೆ, ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಮುದ್ದೆ. ಅಲ್ಟ್ರಾಮರೀನ್, ಸಿಯೆನ್ನಾ, ಚೂರು ಕ್ರಿಮ್ಸನ್, ಬೇಕಾದಷ್ಟು ಬಿಳಿ ಬೆರೆಸಿ. ಕೆದರಿದ ಹಳೇ ಬ್ರಷ್‌ನಿಂದ ಕುಟ್ಟುತ್ತಾ ಹೋಗಿ. ದೂರ ಹೋದಷ್ಟೂ ನೀಲಿ ಮತ್ತು ಬಿಳಿ ಜಾಸ್ತಿ. ಹಸಿರು ಬೇಕಾದ ಕಡೆ ಲೆಮನ್ ಯೆಲ್ಲೋಗೆ ನೀಲಿ ಬೆರೆಸಿ, ಕೊನೆಗೆ ಸಿಯೆನ್ನಾ ಸೇರಿಸಿ ಅದರ ಚುರುಕು ತೆಗೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ಅಕ್ರಿಲಿಕ್ ಒದ್ದೆ ಇದ್ದಾಗ ತಿಳಿ, ಒಣಗಿದಾಗ ಕಡು. ಬಣ್ಣ ಹಿಡಿದಿರುವ ಅಂಟು ಒದ್ದೆಯಲ್ಲಿ ಹಾಲಿನಂತೆ ಬೆಳ್ಳಗಿದ್ದು, ಒಣಗಿದ ಮೇಲೆ ಗಾಜಿನಂತೆ ತಿಳಿಯಾಗುತ್ತದೆ. ಅದಕ್ಕೇ ಹೀಗೆ. ಪ್ರತಿ ಮಿಶ್ರಣವನ್ನೂ ಒಂದು ಕಾಗದದ ಚೂರಿಗೆ ಹಚ್ಚಿ, ಒಣಗಿಸಿ ನೋಡಿ, ಆಮೇಲೆ ಕ್ಯಾನ್ವಾಸಿಗೆ ಹೋಗಿ.

ನೀರು ಅಂದರೆ ಆಕಾಶವನ್ನೇ ಕೆಳಗೆ ಇನ್ನೊಮ್ಮೆ ಬರೆಯುವುದು, ಒಂದು ಚೂರು ಕಡುವಾಗಿ. ತಿಳಿ ವಸ್ತುಗಳ ಬಿಂಬ ಸ್ವಲ್ಪ ಕಡು, ಕಡು ವಸ್ತುಗಳ ಬಿಂಬ ಸ್ವಲ್ಪ ತಿಳಿ. ಮರದ ಸಾಲಿನ ಬಿಂಬವನ್ನು ಮೇಲಿನಿಂದ ಕೆಳಗೆ ಎಳೆದು, ಒದ್ದೆ ಇರುವಾಗಲೇ ಒಣ ಚಪ್ಪಟೆ ಬ್ರಷ್‌ನಿಂದ ಒಂದೇ ಸಲ ಅಡ್ಡಲಾಗಿ ಸವರಿ. ನೀರು ದಡವನ್ನು ಮುಟ್ಟುವ ಗೆರೆ ಮಟ್ಟಸವಾಗಿರಲಿ. ಅದು ವಾಲಿದರೆ ಹಿನ್ನೀರೆಲ್ಲ ಚೆಲ್ಲಿಹೋದಂತೆ ಕಾಣುತ್ತದೆ. ಒಣ ಬೊಡ್ಡೆಗಳು ಮೂರೋ ನಾಲ್ಕೋ ಸಾಕು, ಒಂದೇ ಅಂತರದಲ್ಲಿ ಬೇಡ. ಒಂದರ ತುದಿಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸುತ್ತಿರುವ ನೀರುಕಾಗೆ ಇದ್ದರೆ ಚೆಂದ.

ದಡ

ಇದನ್ನು ಅವಸರದಲ್ಲಿ ಮುಗಿಸಬೇಡಿ. ನೀರಂಚಿನಲ್ಲಿ ಒದ್ದೆ ಕೆಸರು, ಅದರಾಚೆ ಎಳೆ ಹುಲ್ಲು, ಮೇಲಕ್ಕೆ ಬಂದಂತೆ ಒಣಗಿ ಬಿರಿದ ನೆಲ. ಮೊದಲು ಇಡೀ ದಡಕ್ಕೆ ಸಿಯೆನ್ನಾ, ಓಕರ್, ಸ್ವಲ್ಪ ನೀಲಿ ಬೆರೆಸಿದ ಮಣ್ಣಿನ ಬಣ್ಣ. ಈ ಮಿಶ್ರಣವನ್ನು ಜಾಸ್ತಿಯೇ ಮಾಡಿ, ಅರ್ಧವನ್ನು ಮುಚ್ಚಳ ಗಟ್ಟಿಯಿರುವ ಸಣ್ಣ ಡಬ್ಬಿಯಲ್ಲಿ ಎತ್ತಿಡಿ. ಆನೆಗೆ ಬೇಕು. ನಾನು ಬಸ್ ಸ್ಟ್ಯಾಂಡಿನ ಪಕ್ಕದ ರಸ್ತೆಯ ಮಣ್ಣನ್ನು ಒಂದು ಮಾತ್ರೆ ಬಾಟಲಿಯಲ್ಲಿ ತುಂಬಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬಣ್ಣ ಬೆರೆಸುವಾಗ ಪಕ್ಕದಲ್ಲಿಟ್ಟು ಹೋಲಿಸುತ್ತೇನೆ. ಕಾಡಿನೊಳಗಿಂದ ಮಾತ್ರ ಏನನ್ನೂ ತರಬೇಡಿ, ಮಣ್ಣನ್ನೂ.

ಹುಲ್ಲನ್ನು ಒಂದೊಂದೇ ಎಸಳಾಗಿ ಬರೆಯಬೇಡಿ. ದೂರದಲ್ಲಿ ಬರೀ ಬಣ್ಣದ ಪಟ್ಟೆ. ಹತ್ತಿರದಲ್ಲಿ ಕೆದರಿದ ಬ್ರಷ್‌ನಿಂದ ಮೇಲಕ್ಕೆ ಚಿಮ್ಮಿ. ತೀರಾ ಮುಂದೆ ಒಂದಿಪ್ಪತ್ತು ಎಸಳು ತೆಳು ಬ್ರಷ್‌ನಲ್ಲಿ, ಅದೂ ಆನೆ ಮುಗಿದ ಮೇಲೆ.

ಆನೆ

ಎತ್ತಿಟ್ಟ ಮಣ್ಣಿನ ಡಬ್ಬಿ ತೆಗೆಯಿರಿ. ಅದರಿಂದಲೇ ಮೂರು ಗುಡ್ಡೆ ಮಾಡಿಕೊಳ್ಳಿ. ಒಂದಕ್ಕೆ ಅಲ್ಟ್ರಾಮರೀನ್ ಮತ್ತು ಸಿಯೆನ್ನಾ ಧಾರಾಳವಾಗಿ: ಇದು ಕಡು. ಇನ್ನೊಂದಕ್ಕೆ ಸ್ವಲ್ಪ ನೀಲಿ, ಸ್ವಲ್ಪ ಬಿಳಿ: ನಡುವಿನದು. ಮೂರನೆಯದಕ್ಕೆ ಓಕರ್, ಬಿಳಿ, ಸೂಜಿಮೊನೆಯಷ್ಟು ಕ್ರಿಮ್ಸನ್: ಸಂಜೆ ಬಿಸಿಲು ಬಿದ್ದ ಚರ್ಮ.

ಫಿಲ್ಬರ್ಟ್‌ನಿಂದ ಇಡೀ ಆನೆಗೆ ಮೊದಲು ಕಡು ಮತ್ತು ನಡುವಿನದು ಮಾತ್ರ. ಕಣ್ಣಿಲ್ಲ, ಸುಕ್ಕಿಲ್ಲ, ಉಗುರಿಲ್ಲ. ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಅಷ್ಟರಲ್ಲೇ ಅದು ಆನೆಯಂತೆ ನಿಂತಿರಬೇಕು. ನಿಂತಿಲ್ಲದಿದ್ದರೆ ಎಷ್ಟು ಸುಕ್ಕು ಬರೆದರೂ ನಿಲ್ಲಲ್ಲ. ಈಗಲೇ ತಿದ್ದಿ.

ಆಮೇಲೆ ಬೆಳಕು. ಬಿಸಿಲು ಒಂದು ಬದಿಯಿಂದ ಬರುತ್ತಿದೆ. ಬಿಸಿಲು ತಾಗಿದ ಕಡೆ ಮೂರನೇ ಗುಡ್ಡೆ. ಬೆನ್ನಿನ ಮೇಲ್ಭಾಗಕ್ಕೆ ಆಕಾಶ ಕಾಣುತ್ತದೆ, ಅಲ್ಲಿ ನೀಲಿ ಬೂದು. ಹೊಟ್ಟೆಯ ಅಡಿಗೆ ನೆಲ ಕಾಣುತ್ತದೆ, ಅಲ್ಲಿ ಬೆಚ್ಚಗಿನ ಸಿಯೆನ್ನಾ. ಹೊಟ್ಟೆಯ ಕೆಳಗಿನ ನೆರಳನ್ನು ಕಪ್ಪು ಮಾಡಿದರೆ ಆನೆ ತಗಡಾಗುತ್ತದೆ. ನಾನು ಪುಸ್ತಕದಲ್ಲಿ "ಇಟ್ಟಿಗೆ ಬಣ್ಣ" ಅಂತ ಬರೆದುಕೊಂಡದ್ದು ಇಲ್ಲಿಗೆ.

ಸುಕ್ಕು ಎಲ್ಲ ಕಡೆ ಬೇಡ. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ ಮಾತ್ರ ಅವು ಕಣ್ಣಿಗೆ ಕಾಣುತ್ತವೆ. ಸೊಂಡಿಲ ಮೇಲೆ ಅಡ್ಡ, ಮಂಡಿಯ ಸುತ್ತ ಬಳೆಯ ಹಾಗೆ. ಮುಖದಲ್ಲಿ ಹತ್ತು ಸುಕ್ಕು ಬರೆದರೆ ಹಿಂಭಾಗದಲ್ಲಿ ಎರಡು. ನೋಡುವವರ ಕಣ್ಣು ಮುಖಕ್ಕೆ ಹೋಗಲಿ. ಸೊಂಡಿಲ ಬುಡದಲ್ಲಿ, ಕಿವಿಯ ಅಂಚಿನಲ್ಲಿ ದೊಡ್ಡ ಆನೆಗಳಿಗೆ ನಸುಗೆಂಪು ಚುಕ್ಕೆಗಳಿರುತ್ತವೆ. ಕ್ರಿಮ್ಸನ್, ಓಕರ್, ಬಿಳಿ ಬೆರೆಸಿ ಸ್ವಲ್ಪವೇ ಹಚ್ಚಿ.

ಕಣ್ಣು ಚಿಕ್ಕದು. ದೊಡ್ಡದು ಮಾಡಿದರೆ ಗೊಂಬೆಯಾಗುತ್ತದೆ. ಸುತ್ತಲಿನ ರೆಪ್ಪೆಯ ಮಡಿಕೆಗಳನ್ನು ಮೊದಲು ಬರೆದು, ಒಳಗೆ ಕಡು ಬಣ್ಣದ ಒಂದು ಬಟ್ಟು, ಅದರಲ್ಲಿ ಸಿಯೆನ್ನಾ, ಮೇಲೆ ಒಂದು ತಿಳಿ ಚುಕ್ಕೆ. ಆ ಚುಕ್ಕೆಗೂ ಶುದ್ಧ ಬಿಳಿ ಬೇಡ, ಆಕಾಶದ ಬಣ್ಣ ಹಾಕಿ.

ಎಲ್ಲ ಒಣಗಿದ ಮೇಲೆ ನನಗೆ ಅತಿ ಇಷ್ಟವಾದ ಹಂತ ಬರುತ್ತದೆ. ಒಂದು ಚಮಚ ಗ್ಲೇಜ್ ಮೀಡಿಯಂಗೆ (ಬಣ್ಣವನ್ನು ತೆಳುವಾಗಿ, ಪಾರದರ್ಶಕವಾಗಿ ಮಾಡುವ ದ್ರವ) ಕಡಲೆ ಕಾಳಿನಷ್ಟು ಬರ್ನ್ಟ್ ಸಿಯೆನ್ನಾ ಬೆರೆಸಿ. ಬರೀ ನೀರಿನಲ್ಲಿ ತೆಳು ಮಾಡಬೇಡಿ, ನೀರು ಜಾಸ್ತಿಯಾದರೆ ಬಣ್ಣದ ಹಿಡಿತ ಸಡಿಲವಾಗುತ್ತದೆ. ಇದನ್ನು ಆನೆಯ ಭುಜ, ಪಕ್ಕೆ, ತೊಡೆಯ ಮೇಲೆ ತೆಳ್ಳಗೆ ಸವರಿ, ಬೆರಳಿಗೆ ಬಟ್ಟೆ ಸುತ್ತಿ ಅಲ್ಲಲ್ಲಿ ಒರೆಸಿ. ಆನೆ ಮಣ್ಣೆರಚಿಕೊಂಡಂತೆ ಕಾಣುತ್ತದೆ. ನೀರಿನಿಂದ ಈಗಷ್ಟೇ ಎದ್ದು ಬಂದದ್ದಾದರೆ ಮಾತ್ರ ಕಾಲಿನ ಕೆಳಭಾಗವನ್ನು ಕಡುವಾಗಿಯೇ ಬಿಡಿ, ಒದ್ದೆಯ ಗೆರೆ ಎಲ್ಲಿ ಮುಗಿಯುತ್ತದೆ ಅನ್ನೋದು ಕಾಣಲಿ.

ಪಾದಗಳನ್ನು ನೆಲಕ್ಕೆ ಕೂರಿಸಲು ನೆರಳು ಬೇಕು. ಪಾದ ನೆಲ ಮುಟ್ಟುವಲ್ಲಿ ತೀರಾ ಕಡು, ದೂರ ಹೋದಂತೆ ನೀಲಿ ಬೆರೆತು ತಿಳಿ. ಅದರ ಮೇಲೆ ನಾಲ್ಕು ಹುಲ್ಲಿನ ಎಸಳು ಪಾದವನ್ನು ಸ್ವಲ್ಪ ಮರೆಮಾಡಲಿ.

ಮರಿಯನ್ನು ತಾಯಿಯ ಚಿಕ್ಕ ನಕಲು ಅಂದುಕೊಳ್ಳಬೇಡಿ. ಹುಟ್ಟಿದಾಗ ಸುಮಾರು ಮೂರಡಿ ಎತ್ತರ. ಮೊದಲ ವರ್ಷದೊಳಗಿನ ಮರಿ ತಾಯಿಯ ಹೊಟ್ಟೆಯ ಕೆಳಗೆ ನುಸುಳಿ ನಿಲ್ಲುತ್ತದೆ. ತಲೆ, ಬೆನ್ನಿನ ಮೇಲೆ ಕೆಂಚು ಕೂದಲು ಎದ್ದು ನಿಂತಿರುತ್ತದೆ. ಬೆಳಕು ಹಿಂದಿನಿಂದ ಬಂದರೆ ಆ ಕೂದಲು ಹೊಳೆಯುತ್ತದೆ. ತೆಳು ಬ್ರಷ್‌ನಲ್ಲಿ ಓಕರ್ ಮತ್ತು ಬಿಳಿ, ಹದಿನೈದು ಗೆರೆ, ಅಷ್ಟೇ. ಹಿಂದಿನ ಎರಡು ಆನೆಗಳಿಗೆ ಎರಡೇ ಛಾಯೆ ಸಾಕು, ಅಂಚು ಮೆತ್ತಗಿರಲಿ.

ಕೊನೆಯ ಕೆಲಸ

ಧೂಳು: ಓಕರ್, ಬಿಳಿ, ಚೂರು ಸಿಯೆನ್ನಾ. ಕೆದರಿದ ಬ್ರಷ್ ಪೂರ್ತಿ ಒಣಗಿರಬೇಕು. ಬಣ್ಣ ತಾಗಿಸಿ, ಹಳೇ ಬಟ್ಟೆಗೆ ಒರೆಸಿ, ಉಳಿದದ್ದನ್ನು ಕಾಲುಗಳ ಸುತ್ತ, ಹಿಂದಿನ ಆನೆಗಳ ಮುಂದೆ ಗುಂಡಗೆ ಸವರಿ. ಧೂಳು ಜಾಸ್ತಿಯಾದರೆ ಆನೆಯೇ ಮುಚ್ಚಿಹೋಗುತ್ತದೆ. ಆಮೇಲೆ ಬೆಳ್ಳಕ್ಕಿ. ಇಡೀ ಚಿತ್ರದಲ್ಲಿ ಶುದ್ಧ ಬಿಳಿಗೆ ಹತ್ತಿರ ಬರುವುದು ಇದೊಂದೇ. ತಾಯಾನೆಯ ಕಾಲ ಬಳಿ ಒಂದು, ಸ್ವಲ್ಪ ಆಚೆ ಇನ್ನೊಂದು.

ಬ್ರಷ್‌ಗಳನ್ನು ಕೆಲಸದ ನಡುವೆ ನೀರಲ್ಲೇ ಇಡಿ. ಮುಗಿದ ತಕ್ಷಣ ಬಟ್ಟೆ ಸೋಪು ಹಾಕಿ ಅಂಗೈಯಲ್ಲಿ ಉಜ್ಜಿ ತೊಳೆಯಿರಿ, ಬುಡದಲ್ಲಿ ಬಣ್ಣ ಉಳಿಯಬಾರದು. ಊಟ ಮಾಡಿ ಬಂದು ತೊಳೆಯುತ್ತೇನೆ ಅಂದರೆ ಆ ಬ್ರಷ್ ಮುಂದೆ ಹುಲ್ಲಿಗೆ ಮಾತ್ರ.

ಚಿತ್ರವನ್ನು ಗೋಡೆಗೆ ಮುಖ ಮಾಡಿ ಎರಡು ದಿನ ಇಡಿ. ಮೂರನೇ ಬೆಳಗ್ಗೆ ತಿರುಗಿಸಿದಾಗ ಮೊದಲ ನೋಟಕ್ಕೇ ಏನು ಕುಕ್ಕುತ್ತದೋ ಅದನ್ನು ತಿದ್ದಿ. ನನಗೆ ಹೆಚ್ಚಾಗಿ ಕುಕ್ಕುವುದು ನೀರಿನ ಹೊಳಪು. ಜಾಸ್ತಿ ಮಾಡಿಬಿಟ್ಟಿರುತ್ತೇನೆ.

ವಾರ್ನಿಷ್‌ಗೆ ಎರಡು ವಾರ ಕಾಯಿರಿ. ಧೂಳಿಲ್ಲದ ಕೋಣೆಯಲ್ಲಿ ಚಿತ್ರವನ್ನು ಮಲಗಿಸಿ, ಅಗಲ ಬ್ರಷ್‌ನಿಂದ ತೆಳುವಾಗಿ ಒಂದು ಕೋಟ್ ಅಡ್ಡ, ಅದು ಒಣಗಿದ ಮೇಲೆ ಇನ್ನೊಂದು ಕೋಟ್ ಉದ್ದ. ಒಣಗಿ ಮಂಕಾಗಿದ್ದ ಕಡು ಬಣ್ಣಗಳು ಮತ್ತೆ ಒದ್ದೆ ಮಣ್ಣಿನ ಹಾಗೆ ಆಳವಾಗುತ್ತವೆ. ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ತಾರೀಕು, ಜಾಗ, ಆನೆಗೆ ಬೆರೆಸಿದ ಬಣ್ಣಗಳ ಹೆಸರು ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಮತ್ತೆ ಕೂತಾಗ ಅದು ಬೇಕಾಗುತ್ತದೆ.